ಸಮುದ್ರಕ್ಕೆ ಬಿಟ್ಟ ದಾರಿ

ಅವರ ಎಡಗೈ ಹೆಬ್ಬೆರಳಿನ ಉಗುರು ಸದಾ ಬೆಳ್ಳಗಿರುತ್ತಿತ್ತು. ಎಲೆಯಡಿಕೆಗೆ ಬೇಕಾದ ಸುಣ್ಣವನ್ನು ಡಬ್ಬಿಯಿಂದ ತೆಗೆದು, ಆ ಉಗುರಿನ ಮೇಲೆ ದಾಸ್ತಾನು ಮಾಡಿಕೊಂಡೇ ಅವರು ಮನೆ ಬಿಡುತ್ತಿದ್ದರು. ಕೋರ್ಟಿನ ಅಂಗಳದಲ್ಲಿ ನನ್ನನ್ನು ನಿಲ್ಲಿಸಿಕೊಂಡು ಕಾನೂನಿನ ಸೂಕ್ಷ್ಮಗಳನ್ನು ಬೋಧಿಸುವಾಗ ಆ ಬಿಳಿ ಹೆಬ್ಬೆರಳು ನನ್ನ ಮೂಗಿನ ಆಸುಪಾಸಿನಲ್ಲೇ ಸಂಚರಿಸುತ್ತಿತ್ತು. ವಕೀಲ ನಾನು; ಬೋಧನೆ ಅವರದು. ನನ್ನ ಕರಿ ಕೋಟಿನ ಮೇಲೆ ಸುಣ್ಣದ ಚುಕ್ಕೆ ಕಂಡ ದಿನ ಪಾಂಡವಪುರದ ವಕೀಲ ಮಿತ್ರರು, ‘ಏನಪ್ಪಾ, ಇವತ್ತು ನಿನ್ನ ಸೀನಿಯರ್ರು ಬಂದಿದ್ದರೋ’ ಎಂದು ವಿಚಾರಿಸುತ್ತಿದ್ದರು.

ಅವರು ನನ್ನ ಕಕ್ಷಿಗಾರರು. ಪಾಂಡವಪುರ ರೈಲು ನಿಲ್ದಾಣದಿಂದಾಚೆ, ನಾಲೆ ಬಯಲಿನ ಒಂದು ಊರಿನ ಕಬ್ಬಿನ ರೈತರು. ಬೇರೆಯವರಿಗೆ ಕೋರ್ಟೆಂದರೆ ತಲೆನೋವು. ಇವರಿಗೆ ವಾಯಿದೆಯ ದಿನವೆಂದರೆ ಹಬ್ಬ. ಬೆಳಗ್ಗೆಯೇ ಎಣ್ಣೆ ಹಚ್ಚಿ ನೀರು ಹುಯ್ದುಕೊಂಡು, ಇಸ್ತ್ರಿ ಮಾಡಿಸಿದ ಪಂಚೆ ಉಟ್ಟು, ಹೆಗಲಿಗೆ ಟವೆಲು ಹಾಕಿ, ಹೆಂಡತಿ ಕೊಟ್ಟ ಮುದ್ದೆಯನ್ನು ಮುಗಿಸಿ, ಮೊದಲ ಬಸ್ಸಿಗೇ ಬಂದು ನನ್ನ ಆಫೀಸಿನ ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಬಾಗಿಲು ತೆಗೆಯುವ ಮೊದಲೇ ಬೆಂಚು ಭರ್ತಿ. ಕೇಸು ಮುಂದಕ್ಕೆ ಹೋದರೆ ಅವರಿಗೆ ಬೇಸರವಿಲ್ಲ. ಮುಗಿದೇಹೋದರೆ ಏನು ಗತಿ ಎಂಬುದೇ ಭಯ. ‘ಅಪೀಲಿಲ್ಲದ ತೀರ್ಪು ಉಪ್ಪಿಲ್ಲದ ಸಾರು ಕಣ್ರೀ ಲಾಯರ್ರೇ’ ಎನ್ನುತ್ತಿದ್ದರು. ವಾಯಿದೆ ಕೇಳಿದವರು ಹೆಚ್ಚಾಗಿ ಅವರೇ. ಅವರು ಬಿಟ್ಟ ಸಲ ಎದುರುದಾರರು. ಆ ವ್ಯಾಜ್ಯ ವರ್ಷಗಟ್ಟಲೆ ಎಳೆದದ್ದಕ್ಕೆ ಮೂರನೆಯವರನ್ನು ದೂರುವಂತಿರಲಿಲ್ಲ.

ಎದುರುದಾರರೆಂದರೆ ಅವರ ಚಿಕ್ಕಪ್ಪನ ಮಗ. ಪಕ್ಕದ ಮನೆ, ಪಕ್ಕದ ಹೊಲ, ಮಧ್ಯೆ ಮಾತಿಲ್ಲ. ಈ ದಾಯಾದಿಯ ಗದ್ದೆ ನಾಲೆ ರಸ್ತೆಯಿಂದ ಒಳಗಿತ್ತು. ಕಬ್ಬಿನ ಗಾಡಿ ರಸ್ತೆ ಸೇರಬೇಕಾದರೆ ನನ್ನ ಕಕ್ಷಿಗಾರರ ಜಮೀನಿನ ಅಂಚಿನಲ್ಲೇ ಹಾಯಬೇಕು. ತಾತನ ಕಾಲದಿಂದ ಹಾಯುತ್ತಿತ್ತು. ಒಂದು ವರ್ಷ ಗಾಡಿಯ ಚಕ್ರಕ್ಕೆ ಬದು ಕುಸಿದು ಇವರ ನಾಟಿಯ ನೀರೆಲ್ಲ ಹರಿದುಹೋಯಿತು. ಇವರೊಂದು ಮಾತು ಅಂದರು, ಅವರು ಎರಡು ಅಂದರು, ಮಾರನೆಯ ದಿನ ದಾರಿಗೆ ಅಡ್ಡಲಾಗಿ ಮುಳ್ಳುಬೇಲಿ ಬಿತ್ತು. ದಾಯಾದಿ ದಾವಾ ಹೂಡಿದರು. ಅಲ್ಲಿಂದ ಪ್ರತಿ ವರ್ಷ ಅವರ ಕಬ್ಬು ಕಟಾವಾದಾಗ ಆಳುಗಳು ಹೊರೆ ಹೊತ್ತು, ನೀರಿನ ಕಾಲುವೆ ದಾಟಿ, ಸುತ್ತಿ ಬಳಸಿ ರಸ್ತೆಗೆ ತರಬೇಕಾಯಿತು. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತಾ ಬಿದ್ದಿರುವುದನ್ನು ನನ್ನ ಕಕ್ಷಿಗಾರರು ಬೇಲಿಯ ಈಚೆಯಿಂದ ನೋಡುತ್ತಿದ್ದರು. ನೋಡಿ ಸಂತೋಷಪಡುತ್ತಿದ್ದರು ಎಂದು ಊರು ಹೇಳುತ್ತಿತ್ತು. ಹೊಲದಲ್ಲಿ ಕಬ್ಬು ಒಣಗುವುದನ್ನು ನೋಡಿ ಸಂತೋಷಪಡುವ ರೈತನನ್ನು ನಾನು ಕಂಡಿಲ್ಲವಾದ್ದರಿಂದ ಊರಿನ ಸಾಕ್ಷ್ಯವನ್ನು ನಂಬಲಿಲ್ಲ.

ಕಾಗದಗಳು ನಮ್ಮ ಕಡೆಗಿದ್ದವು. ಗ್ರಾಮ ನಕ್ಷೆಯಲ್ಲಿ ಅಂಥ ದಾರಿಯೇ ಇರಲಿಲ್ಲ. ತಾತನ ಕಾಲದ ರೂಢಿಗೆ ಸಾಕ್ಷಿ ಹೇಳುವ ಮುದುಕರೂ ಉಳಿದಿರಲಿಲ್ಲ. ವಾದವೆಲ್ಲ ಮುಗಿದು ಬೇಸಿಗೆ ರಜೆಯ ನಂತರ ತೀರ್ಪು ಎಂದಾಯಿತು. ನಾವು ಗೆಲ್ಲುವುದು ಬಹುಮಟ್ಟಿಗೆ ಖಚಿತ, ದಾಯಾದಿಯ ಗದ್ದೆ ಶಾಶ್ವತವಾಗಿ ದ್ವೀಪವಾಗುವುದೂ ಅಷ್ಟೇ ಖಚಿತ. ಆ ರಜೆಯಲ್ಲಿಯೇ ಆಸ್ಟ್ರೇಲಿಯಾ ನಮ್ಮ ಬಾಳಿನೊಳಕ್ಕೆ ಕಾಲಿಟ್ಟಿತು.

ತೊಂಬತ್ತರ ದಶಕದ ನಡುಭಾಗವಿರಬೇಕು. ಕೆ.ಆರ್.ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣದ ಕಡೆಯ ಕೆಲವು ಅನುಕೂಲಸ್ಥ ಕಬ್ಬು ಬೆಳೆಗಾರರು ಸೇರಿ ‘ಆಸ್ಟ್ರೇಲಿಯಾ ಅಧ್ಯಯನ ಪ್ರವಾಸ’ ಎಂಬ ಘನವಾದ ಹೆಸರಿನಲ್ಲಿ ಒಂದು ತಿರುಗಾಟಕ್ಕೆ ಹೊರಟರು. ಅಧ್ಯಯನ ಒಂದು ದಿನ. ಉಳಿದದ್ದೆಲ್ಲ ಪಟ್ಟಣಗಳು ಮತ್ತು ಕಡಲ ಕರೆ. ದಾಯಾದಿ ಬೆಳಗ್ಗೆ ಹೆಸರು ಕೊಟ್ಟರು ಎಂಬ ಸುದ್ದಿ ತಿಳಿದು ನನ್ನ ಕಕ್ಷಿಗಾರರು ಸಂಜೆಯೊಳಗೆ ಕೊಟ್ಟರು. ಆಸ್ಟ್ರೇಲಿಯಾ ಯಾವ ದಿಕ್ಕಿಗಿದೆ ಎಂಬುದನ್ನು ಆಮೇಲೆ ಕೇಳಿದರು. ಅವರ ಹೆಂಡತಿ ನನ್ನೆದುರಿಗೇ ಅಂದ ಮಾತು ಇದು: ‘ಅಷ್ಟು ದೂರ ಓಗಿ ಅವನ್ ಮಕ ನೋಡ್ಬೇಕಾ? ಇಲ್ಲೇ ಬೇಲಿ ಆಚೆ ಪುಕ್ಸಟ್ಟೆ ಕಾಣ್ತದಲ್ಲ.’

ಎದುರುದಾರ ಇರುವ ಬಸ್ಸಿಗೆ ವಕೀಲರಿಲ್ಲದೆ ಹತ್ತುವುದು ಅಪಾಯವೆಂದು ನನ್ನನ್ನೂ ಹೊರಡಿಸಿದರು. ನನಗೂ ರಜೆ, ನನಗೂ ಆಸೆ. ಹೊರಟೆ.

ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಮೊದಲ ವ್ಯಾಜ್ಯ. ಆ ದೇಶದವರು ಪರದೇಶದ ಸೊಪ್ಪು, ಕಾಯಿ, ಬೀಜಗಳನ್ನು ಒಳಕ್ಕೆ ಬಿಡುವುದಿಲ್ಲ. ಬೆಳೆಗೆ ರೋಗ ಬರುತ್ತದಂತೆ. ನನ್ನ ಕಕ್ಷಿಗಾರರ ಚೀಲದಿಂದ ವೀಳ್ಯದೆಲೆಯ ಕಟ್ಟು, ಅಡಿಕೆ, ರಾಗಿಹಿಟ್ಟು, ಹುರಿಗಾಳು, ಕೊನೆಗೆ ಜುಟ್ಟು ಸಮೇತ ಎರಡು ತೆಂಗಿನಕಾಯಿ ಒಂದೊಂದಾಗಿ ಹೊರಬಂದವು. ತೆಂಗಿನಕಾಯಿ ಸಮುದ್ರರಾಜನಿಗೆ ಒಡೆಯಲು. ಅಧಿಕಾರಿಣಿ ಬಹಳ ಮರ್ಯಾದೆಯಿಂದ ಎಲ್ಲವನ್ನೂ ಒಂದು ತೊಟ್ಟಿಗೆ ಹಾಕಿದಳು. ಇವರು ಕದಲಲಿಲ್ಲ. ‘ಲಾಯರ್ರೇ, ಜಪ್ತಿ ಮಾಡುದ್ರಲ್ಲ, ಮಾಜರು ಎಲ್ಲಿ? ಪಂಚರು ಎಲ್ಲಿ?’ ಎಂದರು. ಮಹಜರಿಗೆ ಇಬ್ಬರು ಪಂಚರು ಬೇಕು, ಅವರು ಸ್ಥಳೀಕರಾಗಿರಬೇಕು. ಸಾಲಿನಲ್ಲಿ ಹಿಂದೆ ನೋಡಿದರು. ಊರಿನವರೆಂದು ಇದ್ದವರು ದಾಯಾದಿ ಒಬ್ಬರೇ. ಸ್ವಲ್ಪ ಹೊತ್ತು ಯೋಚಿಸಿ, ‘ವೋಗ್ಲಿ, ಅವ್ನಾದ್ರೂ ಸಹಿ ಆಕ್ಲಿ’ ಎಂದುಬಿಟ್ಟರು. ಅವಳಿಗೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ. ನಮಸ್ಕಾರ ಹೇಳಿ ಅವರ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ದಾಯಾದಿಯ ಚೀಲದಿಂದಲೂ ಅಷ್ಟೇ ಸಾಮಾನು ತೊಟ್ಟಿಗೆ ಹೋದದ್ದನ್ನು ತಿರುಗಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಅವರಿಗೆ ಸಮಾಧಾನವಾಯಿತು.

ಎರಡನೆಯದು ಹೋಟೆಲಿನಲ್ಲಿ. ಪ್ರವಾಸ ಏರ್ಪಡಿಸಿದ ಏಜೆಂಟು ಒಂದೇ ಊರು, ಒಂದೇ ಮನೆತನದ ಹೆಸರು ನೋಡಿ, ಅಣ್ಣತಮ್ಮಂದಿರೆಂದು ಸಂತೋಷಪಟ್ಟು ಇಬ್ಬರಿಗೂ ಸೇರಿಸಿ ಒಂದು ಕೋಣೆ ಕೊಟ್ಟಿದ್ದ. ಬೇರೆ ಕೋಣೆ ಆ ದಿನ ಖಾಲಿ ಇರಲಿಲ್ಲ. ಕೋಣೆಯಲ್ಲಿ ಮಂಚವೂ ಒಂದೇ. ಬೆಳಗ್ಗೆ ನಾನು ಕರೆಯಲು ಹೋದಾಗ ಕಂಡ ಸ್ಥಳಪರಿಶೀಲನಾ ವರದಿ ಹೀಗಿದೆ: ಮಂಚದ ನಡುವೆ ಉದ್ದಕ್ಕೆ ಸೂಟ್‌ಕೇಸು, ಕೈಚೀಲ, ಬೂಟುಗಳ ಬೇಲಿ. ಬಚ್ಚಲಿನ ಬಾಗಿಲು ನನ್ನ ಕಕ್ಷಿಗಾರರ ಪಕ್ಕಕ್ಕೆ. ದಾಯಾದಿಯ ಪಾಲು ಗೋಡೆಯ ಕಡೆಗೆ. ಅಂದರೆ ಅವರು ಬಚ್ಚಲಿಗೆ ಹೋಗಬೇಕಾದರೆ ಇವರ ಹದ್ದಿನಲ್ಲಿ ಹಾದುಹೋಗದೆ ವಿಧಿಯಿಲ್ಲ. ದಾಯಾದಿಗೆ ಸಕ್ಕರೆ ಕಾಯಿಲೆ ಬೇರೆ. ದಾರಿ ಬಿಟ್ಟಿರಾ ಎಂದು ನಾನು ಇವರನ್ನು ಗುಟ್ಟಾಗಿ ಕೇಳಿದೆ. ‘ಅದೆಲ್ಲ ಇಚಾರಣೆಗೆ ಬರೋ ಇಸ್ಯ ಅಲ್ಲ’ ಎಂದು ಟವೆಲು ಕೊಡವಿದರು. ಮಾರನೆಯ ದಿನದಿಂದ ನನ್ನ ಕಕ್ಷಿಗಾರರು ನನ್ನ ಕೋಣೆಗೆ ಬಂದರು.

ಊರುಗಳನ್ನು ಅವರು ನೋಡಿದ ರೀತಿಯನ್ನು ಹೇಳಬೇಕು. ಮೆಲ್ಬರ್ನಿನ ಟ್ರಾಮುಗಳನ್ನು ಬಹಳ ಹೊತ್ತು ನಿಂತು ನೋಡಿದರು. ಬೀದಿಯ ಮಧ್ಯೆ ಹಾಯುವ ಬಂಡಿಗೆ ಯಾರೂ ತಕರಾರು ಮಾಡುವುದಿಲ್ಲವೇ ಎಂಬುದು ಅವರ ವಿಚಾರ. ಕಡಲ ಕರೆಯ ರಸ್ತೆಯಲ್ಲಿ, ನೀರಿನೊಳಗೆ ಒಂಟೊಂಟಿಯಾಗಿ ನಿಂತಿರುವ ಕಲ್ಲುಗಂಬಗಳನ್ನು ನಮಗೆ ತೋರಿಸಿದರು. ಜನರೆಲ್ಲ ಫೋಟೋ ತೆಗೆಸಿಕೊಂಡರು. ಇವರು, ‘ದಡದಿಂದ ಕಿತ್ಕಂಡು ವೋಗಿರೋವು. ಇನ್ನು ವಾಪಸ್ ಸೇರಾಕಾಗಕ್ಕಿಲ್ಲ’ ಎಂದು ಮಾತ್ರ ಹೇಳಿ ಬಸ್ಸಿಗೆ ಹತ್ತಿದರು. ಸಿಡ್ನಿಯ ಆ ಪ್ರಸಿದ್ಧ ನಾಟಕಶಾಲೆಯನ್ನು, ಬಾಳೆಮೂತಿಯ ಸಿಪ್ಪೆಗಳನ್ನು ಬೋರಲು ಹಾಕಿದಂತಿದೆ ಎಂದು ಒಪ್ಪಿಕೊಂಡರು. ಸೇತುವೆಯನ್ನು ಮಾತ್ರ ಮನಸಾರೆ ಮೆಚ್ಚಿದರು. ಚಳಿಗೆ ಮಂಕಿ ಟೋಪಿ, ಪಂಚೆಯ ಕೆಳಗೆ ಉಲ್ಲನ್ ಕಾಲುಚೀಲ, ಕೋಟು. ಆ ವೇಷದಲ್ಲಿ ಬಂದರಿನ ಕಟಾಂಜನ ಹಿಡಿದು ನಿಂತವರನ್ನು ಕಂಡು ಜಪಾನಿನ ಪ್ರವಾಸಿಗಳು ಅವರದೇ ಫೋಟೋ ತೆಗೆದರು.

ಬಸ್ಸಿನಲ್ಲಿ ಇವರು ಎಡಗಡೆ, ಅವರು ಬಲಗಡೆ, ಮಧ್ಯದ ಓಣಿಯ ಪಕ್ಕಕ್ಕೆ ನಾನು. ಪರದೇಶದಲ್ಲಿ ಬಾಯಿಗೆ ಕನ್ನಡ ಬೇಕಲ್ಲ. ಆದ್ದರಿಂದ ನೋಟೀಸು ಜಾರಿ ಆರಂಭವಾಯಿತು. ‘ಲಾಯರ್ರೇ, ಆ ಮನುಷ್ಯಂಗೆ ಏಳಿ, ಬೂಟಿನ ದಾರ ಬಿಚ್ಕಂಡದೆ, ಮಕ ಅಡಿಯಾಗಿ ಬೀಳ್ತಾನೆ.’ ನಾನು ಹೇಳುತ್ತಿದ್ದೆ. ಅತ್ತಲಿಂದ, ‘ಲಾಯರ್ರೇ, ಅವ್ರಿಗೆ ಏಳಿ, ಊಟದಾಗೆ ಕೆಂಪಗಿರೋದು ಹಂದಿ ಮಾಂಸ, ಕುರಿ ಅಂತ ತಿಂದ್ಬುಟ್ಟಾರು’ ಎಂದು ಜವಾಬು ಬರುತ್ತಿತ್ತು. ಎದುರುಪಕ್ಷದ ಕಕ್ಷಿಯೊಡನೆ ನೇರ ಸಂಪರ್ಕ ವಕೀಲಿ ಧರ್ಮಕ್ಕೆ ವಿರುದ್ಧ. ಬೂಟಿನ ದಾರದ ಮಟ್ಟಿಗೆ ವಿನಾಯಿತಿ ಇರಬಹುದೆಂದು ನಂಬಿಕೊಂಡೆ.

ಬ್ರಿಸ್ಬೇನ್ ದಾಟಿ ಕರಾವಳಿಯುದ್ದಕ್ಕೂ ಉತ್ತರಕ್ಕೆ ಹೋಗುವಾಗ ಅವರು ಒಂದು ಧರ್ಮಸೂಕ್ಷ್ಮವನ್ನು ಬಸ್ಸಿನ ಮುಂದಿಟ್ಟರು. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕು, ಮತ್ತೆ ಮುಟ್ಟಬಾರದು. ಹಾಗೆಯೇ ಇಲ್ಲಿ ಸಮುದ್ರ ಸ್ನಾನ ಮಾಡಿ ಏನಾದರೂ ಬಿಡಬೇಕೋ ಬೇಡವೋ? ಆಸ್ಟ್ರೇಲಿಯಾ ಪುಣ್ಯಕ್ಷೇತ್ರವಲ್ಲ ಎಂದು ನಾಗಮಂಗಲದ ಕಡೆಯವರೊಬ್ಬರು ಆಕ್ಷೇಪಿಸಿದರು. ಇವರ ಉತ್ತರ ಸಿದ್ಧವಾಗಿತ್ತು: ‘ಕಾಶಿಗಿಂತ ದೂರ, ಕಾಶಿಗಿಂತ ತ್ರಾಸ. ಪುಣ್ಯ ಮಾತ್ರ ಯಾಕೆ ಕಮ್ಮಿ ಆಗ್ಬೇಕು?’ ಎಲೆಯಡಿಕೆ ಆಗಲೇ ಹೋಯಿತಲ್ಲ, ಅದನ್ನೇ ಬಿಟ್ಟೆನೆಂದು ಹೇಳಿ ಎಂದು ನಾನು ಸಲಹೆ ಕೊಟ್ಟೆ. ಹೆಬ್ಬೆರಳು ನನ್ನ ಮೂಗಿನ ಬಳಿ ಬಂತು. ‘ಕಿತ್ಕಂಡದ್ದು ಬುಟ್ಟಂಗಾಯ್ತದಾ?’ ಎಂದರು. ಅವರ ತಾಯಿ ಕಾಶಿಯಲ್ಲಿ ಸೀಬೆಹಣ್ಣು ಬಿಟ್ಟು, ಸಾಯುವವರೆಗೂ ಹಿತ್ತಲಿನ ಸೀಬೆಮರದ ಕಡೆ ಕಣ್ಣೆತ್ತಿ ನೋಡಲಿಲ್ಲವಂತೆ. ಅವರ ತಂದೆ ಬಿಟ್ಟದ್ದು ಹಾಗಲಕಾಯಿ. ಅದನ್ನು ಅವರು ಮೊದಲೂ ತಿನ್ನುತ್ತಿರಲಿಲ್ಲ.

ಶ್ರೀರಂಗಪಟ್ಟಣದ ಒಬ್ಬ ಸಾಹೇಬರಿದ್ದರು, ಕಬ್ಬಿನ ಲಾರಿಗಳ ಮಾಲೀಕರು. ಹಿಂದಿನ ಸೀಟಿನಿಂದ, ‘ಗೌಡ್ರೇ, ನಿಮ್ಗೆ ಎಲ್ಲಕ್ಕಿಂತ ಪಸಂದ್ ಆದದ್ದು ಆ ಕೇಸು. ಅದ್ನೇ ಬಿಟ್ಬಿಡಿ, ಕಿಸ್ಸಾ ಖತಂ’ ಎಂದರು. ಬಸ್ಸು ನಕ್ಕಿತು. ದಾಯಾದಿ ಮಾತ್ರ ಕಿಟಕಿಯ ಆಚೆ ನೋಡಿದರು. ಇವರೂ ನಕ್ಕು, ‘ಅದ್ನ ಬುಟ್ರೆ ನಂಗೆ ಉಳ್ಯೋದೇನು ಸಾಬ್ರೇ’ ಎಂದರು.

ಅಧ್ಯಯನದ ದಿನ ಬಂತು. ಕಣ್ಣು ಹಾಯುವಷ್ಟು ದೂರ ಕಬ್ಬು, ಅಂಚಿಗೆ ನೀಲಿ ಕಡಲು. ಅಲ್ಲಿ ಆಗತಾನೇ ಅರೆಯುವ ಕಾಲ ಶುರುವಾಗಿತ್ತು. ಕಬ್ಬಿನ ನಡುವೆ ಮಕ್ಕಳ ಆಟಿಕೆಯಂಥ ಕಿರುದಾರಿಯ ರೈಲು, ಅದಕ್ಕೆ ತುಂಡು ಕಬ್ಬು ತುಂಬಿದ ಪಂಜರದಂಥ ಪೆಟ್ಟಿಗೆಗಳ ದೊಡ್ಡ ಸಾಲು, ಶಿಳ್ಳೆ ಹಾಕುತ್ತಾ ಕಾರ್ಖಾನೆಯ ಕಡೆ ಹೋಗುತ್ತಿತ್ತು. ಜಮೀನಿನ ಯಜಮಾನ ಬಿಸಿಲಿಗೆ ಬೆಂದ ಕೆಂಪು ಮುಖದ, ಅಗಲ ಟೋಪಿಯ ಮುದುಕ. ಎಲ್ಲರೂ ತಳಿಯೇನು, ಗೊಬ್ಬರವೇನು ಎಂದು ಕೇಳಿದರು. ನನ್ನ ಕಕ್ಷಿಗಾರರು ಕೇಳಿದ್ದು ಒಂದೇ: ಈ ಹಳಿ ಯಾರ ಜಮೀನಿನಲ್ಲಿದೆ?

ನಾನು ಅನುವಾದಿಸಿದೆ. ಮುದುಕ ಕೈ ಬೀಸಿ ತೋರಿಸಿದ. ಸ್ವಲ್ಪ ದೂರ ಅವನದರಲ್ಲಿ, ಆಮೇಲೆ ಪಕ್ಕದವನದರಲ್ಲಿ, ಆಮೇಲೆ ಇನ್ನೊಬ್ಬನದರಲ್ಲಿ.

‘ಪಕ್ಕದೋನ್ ಜೊತೆ ಮಾತುಕತೆ ಎಂಗೆ, ಕೇಳಿ.’

ಮುದುಕ ಗಹಗಹಿಸಿ ನಕ್ಕ. ಯಾವುದೋ ನಾಯಿಯ ವಿಷಯಕ್ಕೆ ಜಗಳವಾಗಿ ಎಷ್ಟೋ ವರ್ಷಗಳಿಂದ ಮಾತಿಲ್ಲವಂತೆ. ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾನಂತೆ. ತಾನೂ ತಿರುಗಿಸುತ್ತೇನೆ ಎಂದ.

‘ಮತ್ತೆ ರೈಲು?’

ಮುದುಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಾನು ಇನ್ನೊಮ್ಮೆ ಬಿಡಿಸಿ ಹೇಳಿದೆ. ಆಗ ಅವನು ಹೇಳಿದ್ದನ್ನು ಕನ್ನಡಕ್ಕೆ ತಂದೆ: ‘ಜಗಳ ಆಗಿರುವುದು ನಮ್ಮಿಬ್ಬರಿಗೆ. ಕಬ್ಬಿಗೆ ಏನು ಆಗಿದೆ?’

ಹಳಿಯ ಈಚೆ ನನ್ನ ಕಕ್ಷಿಗಾರರು, ಆಚೆ ದಾಯಾದಿ. ಮಧ್ಯೆ ಇನ್ನೊಂದು ರೈಲು ಬಂತು. ಅದು ಪೂರ್ತಿ ಹಾಯುವವರೆಗೂ ಇವರು ಅಲ್ಲೇ ನಿಂತಿದ್ದರು. ಹಾದುಹೋದ ಮೇಲೂ ನಿಂತಿದ್ದರು. ಮಧ್ಯಾಹ್ನ ಊಟಕ್ಕೆ ಕರೆದರೆ ಬರಲಿಲ್ಲ. ಬಸ್ಸಿನಲ್ಲಿ ಬಹಳ ಹೊತ್ತಿನ ನಂತರ ನನ್ನ ಕಡೆ ವಾಲಿ, ‘ಆ ಕೆಂಪುಮೂತಿಯೋನು ಜಗಳ ಬುಟ್ಟಿಲ್ಲ ಅಲ್ವಾ?’ ಎಂದರು. ಇಲ್ಲ ಎಂದೆ. ‘ಆದ್ರೂ ರೈಲು ಓಡ್ತದೆ’ ಎಂದರು.

ಮಾರನೆಯ ಬೆಳಗ್ಗೆ ಸಮುದ್ರ ಸ್ನಾನ. ದಡದಲ್ಲಿ ಆ ದೇಶದ ಜನ ಅಲ್ಪಸ್ವಲ್ಪ ಬಟ್ಟೆಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಮಲಗಿದ್ದರು. ಅವರ ನಡುವೆ ನನ್ನ ಕಕ್ಷಿಗಾರರು ಪಂಚೆಯ ಕಚ್ಚೆ ಕಟ್ಟಿ, ಜನಿವಾರವಿಲ್ಲದ ಎದೆಯ ಮೇಲೆ ಕೈಮುಗಿದು, ದಕ್ಷಿಣೋತ್ತರ ವಿಚಾರಿಸಿಕೊಂಡು, ಪೂರ್ವಕ್ಕೆ ತಿರುಗಿ ನೀರಿಗಿಳಿದರು. ಮೂರು ಮುಳುಗು ಹಾಕಿದರು. ಬೊಗಸೆಯಲ್ಲಿ ನೀರೆತ್ತಿ ಏನೋ ಹೇಳಿಕೊಂಡು ಬಿಟ್ಟರು. ಮೇಲೆ ಬಂದಾಗ ಏನು ಬಿಟ್ಟಿರಿ ಎಂದು ಎಲ್ಲರೂ ಮುತ್ತಿಕೊಂಡರು. ಅವರು ತಲೆ ಒರೆಸಿಕೊಂಡರೇ ಹೊರತು ಬಾಯಿ ಬಿಡಲಿಲ್ಲ.

ಊರಿಗೆ ಬಂದ ಮೇಲೆ, ತೀರ್ಪಿನ ದಿನಕ್ಕೆ ಮುಂಚೆ, ನನ್ನ ಬೆಂಚಿನ ಮೇಲೆ ಕೂತು ಹೇಳಿದರು: ‘ರಾಜಿ ಅರ್ಜಿ ಬರೀರಿ. ದಾರಿ ಬುಡ್ತೀನಿ.’

ಅದು ಗೆಲ್ಲುವ ಕೇಸು ಎಂದು ನಾನು ಕರ್ತವ್ಯವೆಂಬಂತೆ ನೆನಪಿಸಿದೆ.

‘ಅದಕ್ಕೇ. ಸೋಲೋದನ್ನ ಯಾರ್ ಬೇಕಾದ್ರೂ ಬುಡ್ತಾರೆ. ಅದು ನಮ್ಮಪ್ಪನ ಆಗಲಕಾಯಿ.’

ಕಷ್ಟ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ದಾಯಾದಿ ಒಪ್ಪಲಿಲ್ಲ. ರಾಜಿಗೆ ಎರಡು ಕಡೆಯ ಸಹಿ ಬೇಕು. ಅವರನ್ನೂ ಅವರ ವಕೀಲರನ್ನೂ ನನ್ನ ಆಫೀಸಿಗೇ ಕರೆಸಿದೆ. ದಾಯಾದಿ ಬಾಗಿಲಲ್ಲೇ ನಿಂತು, ನನ್ನನ್ನು ನೋಡುತ್ತಾ, ‘ಲಾಯರ್ರೇ, ಗೆದ್ದು ತಕ್ಕಂತೀನಿ, ಇಲ್ಲಾ ಸೋತು ಹೊರೆ ಹೊರ್ತೀನಿ. ಅವ್ರ ಧರ್ಮದ ದಾರೀಲಿ ನನ್ ಗಾಡಿ ಓಡಾಕಿಲ್ಲ’ ಎಂದರು. ವರ್ಷಗಟ್ಟಲೆ ಹೊರೆ ಹೊತ್ತವರ ಮಾತು ಅದು, ತಪ್ಪೆನ್ನುವಂತಿರಲಿಲ್ಲ. ಅವರು ಹೀಗೆ ಹೊರಟುಹೋದರೆ ಇನ್ನೆರಡು ದಿನದಲ್ಲಿ ತೀರ್ಪು ಬಂದು ಆ ದಾರಿ ಕಾನೂನುಬದ್ಧವಾಗಿ ಸತ್ತುಹೋಗುತ್ತಿತ್ತು.

ನನ್ನ ಕಕ್ಷಿಗಾರರು ಬೆಂಚಿನಿಂದ ಏಳಲಿಲ್ಲ. ಆದರೆ ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ನನ್ನ ಮೂಲಕವಲ್ಲದೆ, ನೇರವಾಗಿ ಮಾತಾಡಿದರು.

‘ಲೇ, ನಿಂಗೆಲ್ಲಿ ಕೊಟ್ಟೆ ನಾನು? ಸಮುದ್ರಕ್ಕೆ ಬುಟ್ಟು ಬಂದಿವ್ನಿ ಕಣ್ಲಾ. ಬುಟ್ಟದ್ದನ್ನ ನಾನು ಮುಟ್ಟಂಗಿಲ್ಲ. ನೀನು ಬ್ಯಾಡ ಅನ್ನಾಕೆ ಅದು ನಂದೂ ಅಲ್ಲ. ಗಾಡಿ ಹೊಡೀಬೇಕೋ ಬ್ಯಾಡ್ವೋ, ಆ ಸಮುದ್ರಾನೇ ಕೇಳ್ಕೋ ಓಗು.’

ದಾಯಾದಿ ಹೊಸ್ತಿಲಿನ ಮೇಲೆ ಒಂದು ಕಾಲಿಟ್ಟರು. ಆಮೇಲೆ ಮೆತ್ತಗೆ ಕೇಳಿದರು, ‘ಜಗಳ?’

‘ಅದನ್ಯಾಕ್ಲಾ ಬುಡ್ಲಿ? ಅದು ನಮ್ದು.’

ದಾಯಾದಿಯ ಮುಖದಲ್ಲಿ ನಾನು ಕಂಡದ್ದು ನಿರಾಳ ಎಂದೇ ಈಗಲೂ ನಂಬಿದ್ದೇನೆ. ಒಳಗೆ ಬಂದು ಸಹಿ ಹಾಕಿದರು. ಎರಡೂ ಕಡೆಯ ವಕೀಲರು ಗೋಡೆಯ ಕ್ಯಾಲೆಂಡರನ್ನು ಅಭ್ಯಾಸ ಮಾಡುತ್ತಿದ್ದೆವು.

ಬೇಲಿಯನ್ನು ಇವರೇ ಆಳು ಕರೆಸಿ ಕೀಳಿಸಿದರು. ಮೊದಲ ಗಾಡಿ ಹಾಯುವಾಗ ಬೆನ್ನು ತಿರುಗಿಸಿ ನಿಂತು ತೆಂಗಿನ ಮರ ಎಣಿಸುತ್ತಿದ್ದರಂತೆ. ಇಬ್ಬರೂ ಮತ್ತೆ ಮಾತಾಡಲಿಲ್ಲ. ಜಗಳವನ್ನು ಅಚ್ಚುಕಟ್ಟಾಗಿ, ದೇವರ ಮನೆಯ ದೀಪದಂತೆ, ಕಾಪಾಡಿಕೊಂಡು ಬಂದರು. ಒಂದು ಮಳೆಗಾಲದಲ್ಲಿ ದಾಯಾದಿಯ ಗಾಡಿ ಆ ದಾರಿಯಲ್ಲೇ ಅಚ್ಚಿನವರೆಗೂ ಹೂತುಕೊಂಡಿತು. ಇವರು ತಮ್ಮ ಎತ್ತುಗಳನ್ನು ಬಿಚ್ಚಿ, ತೊಂಡು ಮೇಯಲು ಬಿಟ್ಟವರಂತೆ ಆ ಕಡೆ ಅಟ್ಟಿ, ಮನೆಗೆ ಹೋಗಿ ಮಲಗಿದರು. ಸಂಜೆ ಎತ್ತುಗಳು ಮೈತೊಳೆಸಿಕೊಂಡು, ಹಿಂಡಿ ತಿಂದು, ತಾವಾಗಿಯೇ ಕೊಟ್ಟಿಗೆಗೆ ಬಂದವು. ಈ ಬಗ್ಗೆ ಯಾರೂ ಯಾರಿಗೂ ಕೃತಜ್ಞತೆ ಸಲ್ಲಿಸಲಿಲ್ಲ.

ಕೇಸಿಲ್ಲದಿದ್ದರೂ ಅವರು ನನ್ನ ಆಫೀಸಿಗೆ ಬರುವುದನ್ನು ನಿಲ್ಲಿಸಲಿಲ್ಲ. ಅದೇ ಇಸ್ತ್ರಿ ಪಂಚೆ, ಅದೇ ಮೊದಲ ಬಸ್ಸು. ಹೊಸ ಕಕ್ಷಿಗಾರರು ಬಂದು ಕಾಗದಗಳನ್ನು ಹರಡಿದರೆ, ನಾನು ಕನ್ನಡಕ ಹುಡುಕುವುದರೊಳಗೆ ಅವರೇ ಕೇಳಿಬಿಡುತ್ತಿದ್ದರು: ‘ನಿಂಗೆ ದಾರಿ ಬೇಕಾ, ಜಗಳ ಬೇಕಾ? ಎರಡ್ನೂ ಒಂದೇ ಗಂಟ್ನಾಗೆ ಕಟ್ಕಂಡು ಬರಬ್ಯಾಡ.’ ನನ್ನ ವೃತ್ತಿಗೆ ಇದರಿಂದ ಆದ ನಷ್ಟ ಅಷ್ಟಿಷ್ಟಲ್ಲ. ಕಾನೂನು ಕಾಲೇಜಿನಲ್ಲಿ ಕಲಿತದ್ದನ್ನು ಬಹುಪಾಲು ಮರೆತಿದ್ದೇನೆ. ಈ ಒಂದು ಪ್ರಶ್ನೆಯನ್ನು ಮಾತ್ರ ಇವತ್ತಿಗೂ, ಅವರ ಪರವಾಗಿ, ಬಂದವರನ್ನೆಲ್ಲ ಕೇಳುತ್ತೇನೆ.

ಆ ದಶಕ ಮುಗಿಯುವ ಮುನ್ನ, ಒಂದು ಆಷಾಢದಲ್ಲಿ, ನಾಲ್ಕು ದಿನದ ಜ್ವರಕ್ಕೆ ಅವರು ಹೋದರು. ಅವರ ಜಮೀನಿನಲ್ಲೇ ಮಣ್ಣು ಮಾಡಿದರು. ದಾಯಾದಿ ಗುಂಡಿಯ ಹತ್ತಿರ ಕೂತಿದ್ದರು. ಮೂರು ಹಿಡಿ ಮಣ್ಣು ಹಾಕಿದರು. ತುಟಿ ಎರಡು ಮಾಡಲಿಲ್ಲ. ಮಾತು ಬಿಟ್ಟ ಶಪಥವನ್ನು ಮುರಿಯಲು ಅದು ಸಮಯವಲ್ಲವೆಂದು ಅವರಿಗೆ ತೋರಿರಬೇಕು.

ತಿಥಿಯೆಲ್ಲ ಮುಗಿದು ಕೆಲವು ದಿನಗಳಾದ ಮೇಲೆ, ಬೆಳಗ್ಗೆ ಬಾಗಿಲು ತೆಗೆಯಲು ಹೋದರೆ ದಾಯಾದಿ ಬೆಂಚಿನ ಮೇಲೆ ಕೂತಿದ್ದರು. ಕೈಯಲ್ಲಿ ಕಾಗದವಿಲ್ಲ. ದಾರಿಯ ವಿಷಯವೇ, ಮನೆಯವರು ಏನಾದರೂ ತಕರಾರು ತೆಗೆದರೇ ಎಂದು ಕೇಳಿದೆ. ಹಾಗೇನೂ ಇಲ್ಲ, ಗಾಡಿ ಓಡುತ್ತಿದೆ ಎಂದರು. ಮತ್ತೇನು ಎಂದೆ.

ಅವರು ಟವೆಲಿನಿಂದ ಮುಖ ಒರೆಸಿಕೊಂಡು, ಬೀದಿಯ ಕಡೆ ನೋಡುತ್ತಾ ಹೇಳಿದರು:

‘ಊರಾಗೆ ಉಳ್ದೋರೆಲ್ಲ ಮಾತಾಡ್ಸೋರೇ ಲಾಯರ್ರೇ. ಇನ್ ನಾನು ಯಾರ್ ಕೂಡ ಮಾತು ಬುಡ್ಲಿ?’